ಮರುಭೂಮಿಯ ಗವಿಯಲ್ಲಿ ಮುಂಗಾರಿನ ಕಡತ

ಮುಂಗಾರು ಮಳೆಯ ಇತಿಹಾಸ ಬರೆಯಿರಿ ಎಂದು ಯಾರಾದರೂ ನಿಮಗೆ ಹೇಳಿದರೆ ನೀವು ಎಲ್ಲಿಗೆ ಹೋಗುತ್ತೀರಿ? ಆಗುಂಬೆಗೆ ಹೋಗಬಹುದು, ಇಲ್ಲವೆ ಚಿರಾಪುಂಜಿಗೆ. ಅಲ್ಲಿ ಮಳೆ ಸಿಕ್ಕುತ್ತದೆ, ಮಳೆಯ ಇತಿಹಾಸ ಅಷ್ಟಾಗಿ ಸಿಕ್ಕುವುದಿಲ್ಲ. ನಮ್ಮ ದೇಶದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದರ ಮರುವರ್ಷವೇ ಮೈಸೂರು ಸೀಮೆಯನ್ನು ಬರಿದು ಮಾಡಿದ ದೊಡ್ಡ ಬರ ಬಂತು; ಧಾತು ಈಶ್ವರ ಸಂವತ್ಸರಗಳ ಬರ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ಅದನ್ನೇ. ಅದಕ್ಕೂ ಹಿಂದಕ್ಕೆ ಹೋದರೆ ಅಲ್ಲೊಂದು ಇಲ್ಲೊಂದು ಮಳೆಮಾಪಕದ ಲೆಕ್ಕ, ಕೆರೆ ಕಟ್ಟಿಸಿದ ಶಾಸನ, ಕ್ಷಾಮದ ಒಂದೆರಡು ಸಾಲು. ಸಾವಿರ ವರ್ಷಕ್ಕೂ ಹಿಂದೆ ಮಳೆ ಹೇಗಿತ್ತು ಎಂದು ಕೇಳಿದರೆ ನಮ್ಮ ಕಾಗದಪತ್ರಗಳು ಬಹುಮಟ್ಟಿಗೆ ಮೌನ.

ಓದುಗ ಮಿತ್ರರೆ, ನಾನು ನಿಮ್ಮನ್ನು ಬೇರೊಂದು ಕಡೆಗೆ ಕರೆದೊಯ್ಯುತ್ತೇನೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ಜಡಿಮಳೆಯ ದಿನ ಅಷ್ಟು ಸುರಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅದು ಒಮಾನ್ ದೇಶ, ಅರೇಬಿಯಾದ ಆಗ್ನೇಯ ಮೂಲೆ. ನಮ್ಮ ಮುಂಗಾರಿನ ಬಲು ಹಳೆಯ ದಾಖಲೆಗಳಲ್ಲಿ ಕೆಲವು ಆ ಒಣನೆಲದ ಸುಣ್ಣಕಲ್ಲಿನ ಗವಿಗಳಲ್ಲಿವೆ.

ಇದು ಅಷ್ಟೇನೂ ವಿಚಿತ್ರವಲ್ಲ. ಮಾನ್ಸೂನ್ ಎಂಬ ಮಾತೇ ಅರಬ್ಬರ ‘ಮೌಸಿಮ್’ನಿಂದ ಬಂದದ್ದು, ಮೌಸಿಮ್ ಎಂದರೆ ಋತು, ಹಡಗು ಹೊರಡುವ ಕಾಲ. ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನನ್ನು ನೀವು ಶಾಲೆಯ ಪುಸ್ತಕದಲ್ಲಿ ಓದಿದ್ದೀರಿ. ಆತ 1442ರಲ್ಲಿ ಹೊರ್ಮುಜ್ ಬಿಟ್ಟಾಗ ಕಾಲ ಮೀರಿತ್ತು. ಗಾಳಿ ತಪ್ಪಿದ್ದರಿಂದ ಮಸ್ಕತ್ತಿನಲ್ಲಿ ಇಳಿಯಬೇಕಾಯಿತು. ಅಲ್ಲಿಯ ಕಡಲತೀರದ ಬಿಸಿಲಿಗೆ ಕಾಯಿಲೆ ಬಿದ್ದು ನರಳಿದ. ಆಮೇಲೆ ಕಲ್ಲಿಕೋಟೆಗೆ, ಅಲ್ಲಿಂದ ಮಂಗಳೂರಿಗೆ, ಘಟ್ಟ ಹತ್ತಿ 1443ರಲ್ಲಿ ವಿಜಯನಗರಕ್ಕೆ ಬಂದ. ಅವನನ್ನು ಕಾಯಿಸಿದ ಗಾಳಿಯೂ ನಮ್ಮ ಗದ್ದೆಗೆ ನೀರು ತರುವ ಗಾಳಿಯೂ ಒಂದೇ ಏರ್ಪಾಟಿಗೆ ಸೇರಿದವು. ಇತಿಹಾಸದ ಪಾಠದಲ್ಲಿ ನಾವು ಆ ಗಾಳಿಯನ್ನು ಹಡಗಿನ ಹಾಯಿಯಲ್ಲಿ ಮಾತ್ರ ನೋಡಿದೆವು. ಅದು ಹೊತ್ತ ಮಳೆ ಎಲ್ಲೆಲ್ಲಿ ಬೀಳುತ್ತಿತ್ತು ಎಂಬುದನ್ನು ಕೇಳಲಿಲ್ಲ.

2019ರ ಫೆಬ್ರವರಿಯಲ್ಲಿ ಮಸ್ಕತ್ತಿನಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ಭಾವ ಗೊತ್ತುಮಾಡಿಕೊಟ್ಟ ಟ್ಯಾಕ್ಸಿಯ ಚಾಲಕರು ಪುತ್ತೂರಿನವರು, ಬ್ಯಾರಿ ಮನೆತನದವರು, ಆ ದೇಶಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ನಾವು ಹೊರಟಿದ್ದು ಅಲ್ ಹೂತಾ ಗವಿಗೆ. ಮಸ್ಕತ್ತಿನಿಂದ ಸುಮಾರು 200 ಕಿಲೋಮೀಟರ್, ಹಜರ್ ಪರ್ವತಗಳ ಬುಡದಲ್ಲಿ, ಅಲ್ ಹಮ್ರಾ ಎಂಬ ಊರಿನ ಬಳಿ ಅದು ಇದೆ. ದಾರಿಯುದ್ದಕ್ಕೂ ಗಿಡವಿಲ್ಲದ ಬೆಟ್ಟಗಳು. ಮಾಂಸ ಹೋದ ಪ್ರಾಣಿಯ ಪಕ್ಕೆಲುಬುಗಳಂತೆ ಕಲ್ಲಿನ ಪದರಗಳು ಎದ್ದು ಕಾಣುತ್ತಿದ್ದವು.

ನಡುವೆ ನಿಜ್ವಾದಲ್ಲಿ ನಿಂತು ಫಲಜ್ ನೋಡಿದೆವು. ಬೆಟ್ಟದ ತಳದ ಅಂತರ್ಜಲವನ್ನು ಭೂಮಿಯೊಳಗಿನ ಕಾಲುವೆಯಲ್ಲಿ, ಪಂಪಿಲ್ಲದೆ, ಬರೀ ಇಳಿಜಾರಿನ ಬಲದಿಂದ ಊರಿಗೆ ತರುವ ವ್ಯವಸ್ಥೆ ಅದು. ಒಮಾನಿನಲ್ಲಿ ಇಂಥವು ಸುಮಾರು 3,000 ಇವೆ. ನಿಜ್ವಾದ ಫಲಜ್ ದಾರಿಸ್ ಸೇರಿ ಐದನ್ನು ಯುನೆಸ್ಕೋ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬೀದರಿನ ನೌಬಾದಿನ ಕರೇಜು ನೋಡಿದವರಿಗೆ ಇದರ ರೀತಿ ಕೂಡಲೇ ಅರ್ಥವಾಗುತ್ತದೆ. ನಮ್ಮ ಚಾಲಕರಿಗೆ ಅದಕ್ಕಿಂತ ಹತ್ತಿರದ ಹೋಲಿಕೆ ಸಿಕ್ಕಿತು. “ಇದು ನಮ್ಮ ಅಡಿಕೆ ತೋಟದ ಸುರಂಗವೇ ಅಲ್ವಾ ಸರ್! ನಮ್ಮ ಅಜ್ಜನ ಗುಡ್ಡದಲ್ಲಿಯೂ ಒಂದು ಉಂಟು” ಎಂದರು.

ಅಲ್ ಹೂತಾ ಗವಿ ಐದು ಕಿಲೋಮೀಟರಿನಷ್ಟು ಉದ್ದವಿದೆ. ಪ್ರವಾಸಿಗರಿಗೆ ತೆರೆದಿರುವುದು ಅದರ ಸಣ್ಣ ಭಾಗ ಮಾತ್ರ. 2006ರಲ್ಲಿ ದೀಪ, ಕಾಲುದಾರಿ, ಮೆಟ್ಟಿಲುಗಳನ್ನು ಹಾಕಿ ಸಾರ್ವಜನಿಕರಿಗೆ ಬಿಟ್ಟರು. ಪ್ರವಾಹದ ನೀರು ನುಗ್ಗಿ ಹಾನಿಯಾದದ್ದರಿಂದ ಕೆಲವು ವರ್ಷ ಮುಚ್ಚಿದ್ದು, 2016ರಲ್ಲಿ ಮತ್ತೆ ತೆರೆಯಿತು. ಮರುಭೂಮಿಯ ಗವಿಯನ್ನು ನೆರೆ ಬಂದು ಮುಚ್ಚಿಸಿತು ಎಂಬುದನ್ನು ಒಮ್ಮೆ ಯೋಚಿಸಿ ನೋಡಿ. ನಾವು ಹೋದ ದಿನ ಒಳಗೆ ಕ್ಯಾಮೆರಾ ಒಯ್ಯುವಂತಿರಲಿಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವವನಿಗೆ ಇದು ಕೈ ಕಟ್ಟಿ ಈಜಲು ಬಿಟ್ಟಂತೆ. ಆದರೆ ಕ್ಯಾಮೆರಾ ಇಲ್ಲದ್ದರಿಂದಲೇ ಮೂಗು ಸ್ವಲ್ಪ ಚುರುಕಾಯಿತೆಂದು ಕಾಣುತ್ತದೆ.

ಏಕೆಂದರೆ ಒಳಗೆ ಕಾಲಿಡುತ್ತಿದ್ದಂತೆ ಮೊದಲು ಎದುರಾದದ್ದು ವಾಸನೆ. ಗವಿ ಎಂದರೆ ತಂಪು ಎಂದು ನಾನು ಎಣಿಸಿದ್ದೆ. ಇದು ತಂಪಲ್ಲ, ಬೆಚ್ಚಗೆ, ಒದ್ದೆಯಾಗಿ, ಉಸಿರಿಗೆ ತುಸು ಭಾರವಾಗಿತ್ತು. ಕನ್ನಡಕದ ಗಾಜಿಗೆ ಮಂಜು ಕಟ್ಟಿತು. ಹಸಿ ಮಣ್ಣು, ಹಸಿ ಸುಣ್ಣ, ಎಲ್ಲೋ ನಿಂತ ನೀರು. ಹಿಂದಿನಿಂದ ಚಾಲಕರು ಮೆಲ್ಲಗೆ ಹೇಳಿದರು: “ಇದೆಂತ ಮಾರಾಯ್ರೆ, ಜೂನ್ ತಿಂಗಳಲ್ಲಿ ನಮ್ಮ ಮನೆಯ ಹಿತ್ತಲ ಕೋಣೆಯ ವಾಸನೆ!”

ಆ ಮಾತು ಎಷ್ಟು ನಿಜವೆಂಬುದು ಆಗ ಅವರಿಗೂ ತಿಳಿದಿರಲಿಲ್ಲ, ನನಗೂ ಪೂರ್ತಿಯಾಗಿ ಹೊಳೆದಿರಲಿಲ್ಲ.

ಮೆಟ್ಟಿಲಿಳಿದು ಹೋದಂತೆ ಚಾವಣಿಯಿಂದ ಸುಣ್ಣದ ಕೋಡುಗಳು ಇಳಿಬಿದ್ದಿವೆ. ಕೆಲವು ಪರದೆಯಂತೆ ಮಡಿಕೆ ಮಡಿಕೆಯಾಗಿ ಬಿದ್ದಿವೆ. ಅವುಗಳ ಕೆಳಗೆ ನೆಲದಿಂದ ಮೇಲೆದ್ದ ಕಂಬಗಳು. ಇಳಿಬೀಳುವುದು ಸ್ಟ್ಯಾಲಕ್ಟೈಟ್, ಮೇಲೇಳುವುದು ಸ್ಟ್ಯಾಲಗ್‌ಮೈಟ್ ಎಂದು ಭೂಗೋಳದ ಮೇಷ್ಟರು ಹೇಳಿಕೊಟ್ಟದ್ದು ನಿಮಗೂ ನೆನಪಿರಬಹುದು. ಮುಂದೆ ಒಂದು ಸರೋವರ. ಅದರಲ್ಲಿ ಬೆರಳಿನಷ್ಟುದ್ದದ ನಸುಗೆಂಪು ಮೀನುಗಳಿವೆ, ಅವಕ್ಕೆ ಕಣ್ಣಿಲ್ಲ. ಮರಿಯಾಗಿರುವಾಗ ಸಣ್ಣ ಕಣ್ಣುಗಳು ಇರುತ್ತವೆ, ಬೆಳೆಯುತ್ತಾ ಬಂದಂತೆ ಚರ್ಮ ಅದನ್ನು ಮುಚ್ಚಿಬಿಡುತ್ತದೆ. ಗಾರ್ರಾ ಎಂಬ ಕುಲದ ಮೀನು ಇದು. ನಮ್ಮ ಹೊಳೆಗಳ ಬಂಡೆಗೆ ಬಾಯಿ ಹಚ್ಚಿ ಬದುಕುವ ಮೀನುಗಳಲ್ಲಿಯೂ ಈ ಕುಲದವು ಇವೆ. ಬೆಂಗಳೂರಿನ ಮಾಲ್‌ಗಳಲ್ಲಿ ದುಡ್ಡು ಕೊಟ್ಟು ಕಾಲು ಕಚ್ಚಿಸಿಕೊಳ್ಳುತ್ತಾರಲ್ಲ, ಆ ಮೀನೂ ಇದರ ದಾಯಾದಿ. ಹೊರಗಿನ ವಾದಿಗಳಲ್ಲಿ, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಗಳಲ್ಲಿ, ಇದರ ಕಣ್ಣಿರುವ ಬಂಧುಗಳು ಈಗಲೂ ಇವೆ. ಹೊರಗೆ ಹಳ್ಳ ಬತ್ತುತ್ತದೆ; ಒಳಗಿನ ಕತ್ತಲೆಯಲ್ಲಿ ನೀರು ಉಳಿಯುತ್ತದೆ. ಪ್ರವಾಸಿಗರೆಲ್ಲ ಮೀನಿನ ಸುತ್ತ ನಿಂತರು. ನನ್ನ ಗಮನವಿದ್ದದ್ದು ಆ ಕಂಬಗಳ ಮೇಲೆ.

ಇವು ಹೇಗೆ ಬೆಳೆಯುತ್ತವೆ ಎಂದು ಹೇಳಲು ಒಂದು ಹತ್ತಿರದ ಉದಾಹರಣೆ ಕೊಡುತ್ತೇನೆ. ದಾಂಡೇಲಿಯ ಕಾಡಿನಲ್ಲಿ ಕವಳಾ ಗುಹೆ ಇದೆ. ಅದರೊಳಗೆ ತೊಟ್ಟಿಕ್ಕುವ ನೀರಿನಿಂದ ಮೂಡಿದ ಕಲ್ಲನ್ನು ಶಿವಲಿಂಗವೆಂದು ಜನ ಪೂಜಿಸುತ್ತಾರೆ. ಶಿವರಾತ್ರಿಗೆ ದೊಡ್ಡ ಜಾತ್ರೆಯೇ ನೆರೆಯುತ್ತದೆ. ಭಕ್ತರು ಅದನ್ನು ಉದ್ಭವಲಿಂಗ ಎನ್ನುತ್ತಾರೆ. ರಸಾಯನಶಾಸ್ತ್ರಕ್ಕೆ ಈ ಮಾತಿನಲ್ಲಿ ತಕರಾರಿಲ್ಲ. ಮಳೆನೀರು ಮಣ್ಣಿನೊಳಗಿಂದ ಇಳಿಯುವಾಗ ಅಲ್ಲಿಯ ಬೇರು ಮತ್ತು ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣಕಲ್ಲನ್ನು ಕರಗಿಸುತ್ತಾ ಗವಿಯ ಚಾವಣಿಗೆ ಬರುತ್ತದೆ. ಗವಿಯ ಗಾಳಿ ಸಿಕ್ಕಿದೊಡನೆ ಅನಿಲ ಹಾರಿಹೋಗುತ್ತದೆ, ಸುಣ್ಣ ಉಳಿಯುತ್ತದೆ. ಹನಿ ಬಿದ್ದಲ್ಲೆಲ್ಲ ಒಂದು ತೆಳು ಲೇಪ. ವರ್ಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ ದಪ್ಪ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮಳೆ ನಿಂತರೆ ಕಲ್ಲಿನ ಬೆಳವಣಿಗೆಯೂ ನಿಲ್ಲುತ್ತದೆ. ಆದ್ದರಿಂದ ಒಂದು ಕಂಬವನ್ನು ಉದ್ದಕ್ಕೆ ಸೀಳಿದರೆ ಯಾವ ಕಾಲದಲ್ಲಿ ನೀರಿತ್ತು, ಯಾವ ಕಾಲದಲ್ಲಿ ಇರಲಿಲ್ಲ ಎಂಬುದು ಪದರ ಪದರವಾಗಿ ಕಾಣುತ್ತದೆ. ನಮ್ಮ ಹಿಂದಿನ ಶಾನುಭೋಗರು ಮಸಿ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆದು ಮಡಿಸಿಡುತ್ತಿದ್ದರು. ಈ ಕಂಬ ಅಂಥದೇ ಒಂದು ಕಡತ. ವ್ಯತ್ಯಾಸವಿಷ್ಟೇ, ಬಟ್ಟೆಯ ಕಡತವನ್ನು ಅಳಿಸಿ ಮತ್ತೆ ಬರೆಯಬಹುದಿತ್ತು.

ಇದನ್ನು ಓದುವ ಬಗೆ ಹೇಗೆ? ಎರಡು ಕೀಲಿಗಳಿವೆ. ಮೊದಲನೆಯದು ಕಾಲದ ಕೀಲಿ. ಯುರೇನಿಯಮ್ ನೀರಿನಲ್ಲಿ ಕರಗುತ್ತದೆ, ಥೋರಿಯಮ್ ಹೆಚ್ಚುಕಡಿಮೆ ಕರಗುವುದಿಲ್ಲ. ಹಾಗಾಗಿ ಹನಿಯ ಜೊತೆ ಕಲ್ಲಿಗೆ ಸೇರುವುದು ಯುರೇನಿಯಮ್ ಮಾತ್ರ. ಮುಂದೆ ಅದು ಗೊತ್ತಾದ ವೇಗದಲ್ಲಿ ಕ್ಷಯಿಸಿ ಥೋರಿಯಮ್ ಆಗುತ್ತದೆ. ಕಲ್ಲಿನಲ್ಲಿ ಈಗ ಥೋರಿಯಮ್ ಎಷ್ಟಿದೆ ಎಂದು ಅಳೆದರೆ ಆ ಪದರ ಹುಟ್ಟಿ ಎಷ್ಟು ವರ್ಷವಾಯಿತೆಂದು ತಿಳಿಯುತ್ತದೆ. ಎರಡನೆಯದು ಮಳೆಯ ಕೀಲಿ. ನೀರಿನ ಆಮ್ಲಜನಕದಲ್ಲಿ ಹಗುರ ಪರಮಾಣುಗಳೂ ಇವೆ, ಸ್ವಲ್ಪ ಭಾರದವೂ ಇವೆ. ಮುಂಗಾರಿನಂಥ ಜೋರು ಮಳೆಯ ನೀರಿನಲ್ಲಿ ಭಾರದ ಆಮ್ಲಜನಕದ ಪಾಲು ಕಡಿಮೆ. ಆ ಪಾಲು ಹಾಗೆಯೇ ಕಲ್ಲಿನಲ್ಲಿ ಉಳಿಯುತ್ತದೆ.

ಸ್ವಿಟ್ಜರ್ಲೆಂಡಿನ ಬರ್ನ್, ಜರ್ಮನಿಯ ಹೈಡೆಲ್‌ಬರ್ಗ್ ಮೊದಲಾದ ಕಡೆಗಳ ವಿಜ್ಞಾನಿಗಳು 1990ರ ದಶಕದಲ್ಲಿ ಈ ಅಲ್ ಹೂತಾ ಗವಿಯ ಕಂಬಗಳನ್ನು ಓದಲು ತೊಡಗಿದರು. ಸ್ಟೀಫನ್ ಬರ್ನ್ಸ್, ಆಲ್ಬರ್ಟ್ ಮ್ಯಾಟರ್, ಡೊಮಿನಿಕ್ ಫ್ಲೈಟ್‌ಮನ್, ಅಗುಸ್ಟೊ ಮಂಗಿನಿ ಇವರಲ್ಲಿ ಮುಖ್ಯರು. 2001ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿತ್ತು: ಇಲ್ಲಿಯ ಕಲ್ಲುಗಳು ರಭಸದಿಂದ ಬೆಳೆದದ್ದು ಕೆಲವೇ ಅವಧಿಗಳಲ್ಲಿ. ಇಂದಿನಿಂದ 3,25,000–3,00,000 ವರ್ಷಗಳ ಹಿಂದೆ ಒಮ್ಮೆ, 2,00,000–1,80,000 ವರ್ಷಗಳ ಹಿಂದೆ ಒಮ್ಮೆ, 1,35,000–1,20,000 ವರ್ಷಗಳ ಹಿಂದೆ ಒಮ್ಮೆ, 82,000–78,000 ವರ್ಷಗಳ ಹಿಂದೆ ಒಮ್ಮೆ. ಕೊನೆಯದಾಗಿ 10,500ರಿಂದ 6,000 ವರ್ಷಗಳ ಹಿಂದಿನವರೆಗೆ. ಆ ಪದರಗಳಲ್ಲೆಲ್ಲ ಭಾರದ ಆಮ್ಲಜನಕ ಕಡಿಮೆ. ಇವತ್ತು ಅಲ್ಲಿ ಚಳಿಗಾಲದಲ್ಲಿ ಬೀಳುವ ಅಷ್ಟಿಷ್ಟು ಮಳೆಗೆ ಅಂಥ ಗುರುತು ಇಲ್ಲ. ಅಂದರೆ ಆ ಕಾಲಗಳಲ್ಲಿ ಒಮಾನಿನ ಉತ್ತರದವರೆಗೂ ಹೋಗಿ ಸುರಿದದ್ದು ಮುಂಗಾರು. ಪುತ್ತೂರಿನ ಹಿತ್ತಲ ಕೋಣೆಗೂ ಈ ಗವಿಗೂ ಬಂದ ಮಳೆ ಒಂದೇ!

ಆಮೇಲೆ ಅದು ಏಕೆ ಹಿಂದೆ ಸರಿಯಿತು? ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುತ್ತಿದ್ದುದು ನಮ್ಮ ಬೇಸಿಗೆಯ ತಿಂಗಳುಗಳಲ್ಲಿ. ಈಗ ಹತ್ತಿರ ಬರುವುದು ಜನವರಿಯಲ್ಲಿ. ಬುಗುರಿ ತಿರುಗುವಾಗ ಅದರ ತಲೆ ನಿಧಾನವಾಗಿ ಸುತ್ತು ಹಾಕುವಂತೆ ಭೂಮಿಯ ಅಕ್ಷವೂ ಸುತ್ತುತ್ತದೆ. ಅದರಿಂದಾಗುವ ಬದಲಾವಣೆ ಇದು. ಆಗ ಏಷ್ಯಾದ ನೆಲ ಬೇಸಿಗೆಯಲ್ಲಿ ಇಂದಿಗಿಂತ ಹೆಚ್ಚು ಕಾಯುತ್ತಿತ್ತು, ಕಡಲ ಗಾಳಿಯನ್ನು ಹೆಚ್ಚು ಬಲವಾಗಿ ಎಳೆಯುತ್ತಿತ್ತು. ಇದೊಂದೇ ಕಾರಣವೆಂದು ತಿಳಿಯಬೇಡಿ. ಧ್ರುವಪ್ರದೇಶಗಳ ಹಿಮರಾಶಿಗೂ ಇದರಲ್ಲಿ ಪಾಲಿದೆ. ಒಮಾನಿನ ಮಳೆಗಾಲಗಳೆಲ್ಲ ಹಿಮಯುಗಗಳ ನಡುವಿನ ಬೆಚ್ಚನೆಯ ಅವಧಿಗಳಲ್ಲೇ ಬಂದಿವೆ. ಯಾವುದಕ್ಕೆ ಎಷ್ಟು ತೂಕ ಎಂಬುದು ವಿಜ್ಞಾನಿಗಳ ಚರ್ಚೆಯ ವಿಷಯ.

ದಕ್ಷಿಣ ಒಮಾನಿನ ಕುಂಫ್ ಎಂಬ ಗವಿಯ ಕಂಬ ಈ ಹಿಂದೆಗೆತವನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಫ್ಲೈಟ್‌ಮನ್ ತಂಡ ಅದರ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ಸುಮಾರು 8,000 ವರ್ಷಗಳ ಹಿಂದಿನಿಂದ ಮುಂಗಾರಿನ ಮಳೆ ಅಲ್ಲಿ ಕಡಿಮೆಯಾಗುತ್ತಲೇ ಬಂದಿದೆ. ಒಂದು ದಿನ ಬಾಗಿಲು ಮುಚ್ಚಿದಂತಲ್ಲ. ಅಜ್ಜನ ಕಾಲಕ್ಕಿಂತ ಮೊಮ್ಮಗನ ಕಾಲದಲ್ಲಿ ಒಂದು ಬೊಗಸೆ ಕಡಿಮೆ, ಅಷ್ಟೇ. ಇಂಥ ಇಳಿಕೆಯನ್ನು ಯಾವ ಒಬ್ಬ ಮನುಷ್ಯನೂ ತನ್ನ ಆಯುಸ್ಸಿನಲ್ಲಿ ಗುರುತಿಸಲಾರ.

ಗುರುತಿಸದಿದ್ದರೂ ಜನ ಬದುಕಬೇಕಲ್ಲ? ಉತ್ತರ ಒಮಾನಿನ ಬೆಟ್ಟಗಳ ಮೇಲೆ ಕಲ್ಲು ಪೇರಿಸಿ ಕಟ್ಟಿದ ಜೇನುಗೂಡಿನ ಆಕಾರದ ಸಮಾಧಿಗಳಿವೆ. ಬಾತ್ ಎಂಬಲ್ಲಿಯವು 1988ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಅವು ಕ್ರಿ.ಪೂ. 3ನೆಯ ಸಹಸ್ರಮಾನದವು. ಅಂದರೆ ಹೂತಾದ ಕಲ್ಲಿನ ಬೆಳವಣಿಗೆ ನಿಂತು ಸಾವಿರ ವರ್ಷ ದಾಟಿದ ಮೇಲಿನವು. ಮುಂಗಾರು ಹೋದ ಮೇಲೆ ಆ ನೆಲ ಖಾಲಿಯಾಯಿತು ಎಂದು ನಾವು ಊಹಿಸಿದರೆ ಅದು ತಪ್ಪು. ಜನ ನೀರಿದ್ದ ಕಡೆ ಗುಂಪುಗೂಡಿದರು, ಖರ್ಜೂರ ಬೆಳೆದರು, ಬೆಟ್ಟದ ತಾಮ್ರ ಕರಗಿಸಿದರು. ಮೆಸೊಪೊಟೇಮಿಯದ ಬರಹಗಳಲ್ಲಿ ಬರುವ ಮಗಾನ್ ದೇಶ ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಮೆಲುಹ್ಹ, ಮಗಾನ್, ದಿಲ್ಮುನ್ ಹಡಗುಗಳು ತನ್ನ ರೇವಿಗೆ ಬಂದು ನಿಲ್ಲುತ್ತವೆಂದು ಅಕ್ಕಾಡಿನ ದೊರೆ ಸಾರ್ಗಾನ್ ಹೆಮ್ಮೆಪಟ್ಟಿದ್ದಾನೆ. ಮೆಲುಹ್ಹ ಎಂದರೆ ನಮ್ಮ ಸಿಂಧೂ ಕಣಿವೆ. ಒಮಾನಿನ ಪೂರ್ವತುದಿಯ ರಾಸ್ ಅಲ್ ಜಿಂಜ್‌ನಲ್ಲಿ ಸಿಂಧೂ ಲಿಪಿಯಿರುವ ಮಡಕೆಯ ಚೂರು ಸಿಕ್ಕಿದೆ. ಇನ್ನೂ ಒಂದೂವರೆ ಎರಡು ಸಾವಿರ ವರ್ಷ ಕಳೆದು, ಕಬ್ಬಿಣಯುಗದಲ್ಲಿ, ಫಲಜ್ ಹರಿಸುವ ವಿದ್ಯೆ ಅಲ್ಲಿ ನೆಲೆಗೊಂಡಿತು. ಆಕಾಶದ ನೀರು ದೂರವಾದಂತೆಲ್ಲ ಜನ ನೆಲದೊಳಗಿನ ನೀರಿನ ಕಡೆಗೆ ಹೆಚ್ಚು ಹೆಚ್ಚು ಕೈ ಚಾಚಿದರು ಎನ್ನಬಹುದು.

ಗವಿಗಳ ಕಥೆಗೆ ಆಧುನಿಕ ಕಾಲದಲ್ಲಿ ತಿರುವು ಬಂದದ್ದೂ ನೀರಿನ ಹುಡುಕಾಟದಿಂದಲೇ. 1980ರ ದಶಕದಲ್ಲಿ ಒಮಾನಿಗೆ ಎಣ್ಣೆಯ ಹಣ ಬಂದಿತ್ತು, ಊರುಗಳು ಬೆಳೆಯುತ್ತಿದ್ದವು, ನೀರು ಸಾಲದಾಗಿತ್ತು. ಸುಣ್ಣಕಲ್ಲಿನ ಬೆಟ್ಟಗಳೊಳಗೆ ನೀರಿನ ಭಂಡಾರ ಇರಬಹುದೆಂದು ಅಲ್ಲಿಯ ಜಲಸಂಪನ್ಮೂಲ ಪ್ರಾಧಿಕಾರ ಶೋಧ ನಡೆಸಿತು. ಅದರಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕನ್ ಭೂಜಲತಜ್ಞ ಡಾನ್ ಡೇವಿಸನ್ ಪೂರ್ವ ಹಜರ್ ಪರ್ವತದ ಸೆಲ್ಮಾ ಪ್ರಸ್ಥಭೂಮಿಯಲ್ಲಿ ನೆಲದಲ್ಲಿದ್ದ ಕೆಲವು ರಂಧ್ರಗಳ ಬಳಿಗೆ ಬಂದ. ಒಂದರಲ್ಲಿ 1983ರಲ್ಲಿ ಹಗ್ಗ ಬಿಟ್ಟು ಇಳಿದ. 118 ಮೀಟರ್. ಕಾಲಿಗೆ ಗೋಡೆ ತಾಕದೆ, ನಡುಗಾಳಿಯಲ್ಲಿ ಜೋತಾಡುತ್ತಾ ಇಳಿಯಬೇಕು. ಮರುವರ್ಷ ಷೆರಿಲ್ ಜೋನ್ಸ್ ಎಂಬಾಕೆ ಇನ್ನೊಂದು ರಂಧ್ರದಿಂದ ಇಳಿದಳು. ಮೂರನೆಯ ರಂಧ್ರದಿಂದ ನೆಲ ಮುಟ್ಟಲು 158 ಮೀಟರ್. ಅದನ್ನು 1985ರಲ್ಲಿ ಇಳಿದರು. ಕುತುಬ್ ಮಿನಾರನ್ನು ಒಂದರ ಮೇಲೊಂದು ಎರಡು ನಿಲ್ಲಿಸಿದರೂ ಹಗ್ಗ ಇನ್ನೂ ಹನ್ನೆರಡು ಮೀಟರ್ ಉದ್ದ ಬೇಕು.

ಒಳಗಿದ್ದದ್ದು ಒಂದೇ ಒಂದು ಕೋಣೆ. ಉದ್ದ 310 ಮೀಟರ್, ಅಗಲ 225 ಮೀಟರ್, ಗುಮ್ಮಟದ ಎತ್ತರ ಸುಮಾರು 120 ಮೀಟರ್, ನೆಲದ ವಿಸ್ತಾರ 58,000 ಚದರ ಮೀಟರ್. ನಮ್ಮ ಬಿಜಾಪುರದ ಗೋಳಗುಮ್ಮಟದ ಒಳನೆಲ ಸುಮಾರು 1,700 ಚದರ ಮೀಟರ್. ಅಂಥ 34 ಅಂಗಣಗಳು ಅಲ್ಲಿ ಹಿಡಿಸುತ್ತವೆ. ಜಗತ್ತಿನ ಅತಿ ದೊಡ್ಡ ಗವಿಕೋಣೆಗಳಲ್ಲಿ ಅದೂ ಒಂದು. ಅದಕ್ಕೆ ‘ಮಜ್ಲಿಸ್ ಅಲ್ ಜಿನ್’, ಜಿನ್ನರ ಸಭಾಂಗಣ, ಎಂಬ ಹೆಸರು ಬಿತ್ತು. ಕೇಳಲು ಅರೇಬಿಯನ್ ನೈಟ್ಸ್ ಕಥೆಯಂತಿದೆ. ಆದರೆ ಇದು ಹೊರಗಿನವರು ಇಟ್ಟ ಹೆಸರು. ಅಲ್ಲಿ ಮೇಕೆ ಕಾಯುವ ಜನ ಅದನ್ನು ‘ಖೋಶಿಲತ್ ಮಕಂದೆಲಿ’ ಎನ್ನುತ್ತಾರೆ. ಕಂಡುಹಿಡಿದವರ ಹೆಸರು ಪುಸ್ತಕಕ್ಕೆ ಹೋಗುತ್ತದೆ, ಮೊದಲೇ ಕಂಡಿದ್ದವರ ಹೆಸರು ಅಲ್ಲೇ ಉಳಿಯುತ್ತದೆ. ಇದು ಎಲ್ಲ ದೇಶಗಳ ಶೋಧದ ಚರಿತ್ರೆಯಲ್ಲೂ ಇದ್ದದ್ದೇ.

ಅಷ್ಟು ದೊಡ್ಡ ಕೋಣೆಯಲ್ಲಿ ಅವರು ಹುಡುಕಿ ಹೋದ ನೀರಿನ ಭಂಡಾರ ಮಾತ್ರ ಇರಲಿಲ್ಲ. ನೀರಿನ ಕೆಲಸ ಮುಗಿದುಹೋಗಿತ್ತು. ಅದು ಕೊರೆದು ಬಿಟ್ಟ ಪೊಳ್ಳು ಉಳಿದಿತ್ತು.

ಈ ಕಡತದ ಇನ್ನೊಂದು ಪುಟವನ್ನು ನಿಮಗೆ ಹೇಳಲೇಬೇಕು. ಅದು ನೇರವಾಗಿ ರಾಜಕೀಯ ಇತಿಹಾಸಕ್ಕೆ ತಾಗುತ್ತದೆ. ಕ್ರಿ.ಶ. 6ನೆಯ ಶತಮಾನದ ಆರಂಭದಲ್ಲಿ ಇಂದಿನ ಯೆಮೆನ್‌ನಲ್ಲಿ ಹಿಮ್ಯಾರ್ ಎಂಬ ಬಲವಾದ ರಾಜ್ಯವಿತ್ತು. ಬೆಟ್ಟದ ಇಳಿಜಾರಿನ ಮೆಟ್ಟಿಲುಗದ್ದೆ, ಕಟ್ಟೆ, ಕಾಲುವೆಗಳೇ ಅದರ ಆಧಾರ. 525ರ ಸುಮಾರಿಗೆ ಇಥಿಯೋಪಿಯಾ ಕಡೆಯ ಅಕ್ಸುಮ್ ರಾಜ್ಯ ಕಡಲು ದಾಟಿ ಬಂದು ಅದನ್ನು ಗೆದ್ದಿತು. ಹಿಮ್ಯಾರ್ ಮತ್ತೆ ತಲೆ ಎತ್ತಲಿಲ್ಲ. ಮುಂದಿನ ಶತಮಾನದಲ್ಲಿ ಅರೇಬಿಯಾದಲ್ಲಿ ಇಸ್ಲಾಂ ಉದಯಿಸಿತು. ಈ ಪತನಕ್ಕೆ ಮತದ್ವೇಷ, ಯುದ್ಧ, ರೋಮ್ ಮತ್ತು ಪಾರಸೀಕ ಸಾಮ್ರಾಜ್ಯಗಳ ಪೈಪೋಟಿ ಎಲ್ಲವನ್ನೂ ಇತಿಹಾಸಕಾರರು ಕಾರಣವಾಗಿ ಹೇಳುತ್ತಿದ್ದರು. 2022ರಲ್ಲಿ ಫ್ಲೈಟ್‌ಮನ್ ಮತ್ತು ಜೊತೆಗಾರರು ಅಲ್ ಹೂತಾದ ಇನ್ನೊಂದು ಕಂಬದ ಓದನ್ನು ಪ್ರಕಟಿಸಿದರು. 6ನೆಯ ಶತಮಾನದ ಮೊದಲ ದಶಕಗಳಲ್ಲಿ ತೀವ್ರವಾದ, ಹಲವು ವರ್ಷ ಮುಂದುವರಿದ ಬರ ಅದರಲ್ಲಿ ಅಚ್ಚಾಗಿತ್ತು.

ಬರವೇ ಹಿಮ್ಯಾರನ್ನು ಕೆಡವಿತು ಎಂದು ಅವರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ವಿಜ್ಞಾನ ಓದಿದವರಿಗೆ ಒಂದು ಚಟವಿದೆ: ಒಂದು ರೇಖಾಚಿತ್ರ ಸಿಕ್ಕಿದೊಡನೆ ರಾಜರನ್ನೆಲ್ಲ ಅದಕ್ಕೆ ನೇತುಹಾಕುವುದು. ನಾನೂ ಆ ಪೈಕಿಯವನೇ, ಆದ್ದರಿಂದ ಎಚ್ಚರಿಕೆ ನನಗೇ ಹೇಳಿಕೊಳ್ಳುತ್ತಿದ್ದೇನೆ. ಧಾತು ಈಶ್ವರದ ಬರದಲ್ಲಿ ಸತ್ತವರು ಮಳೆಯಿಲ್ಲದೆ ಮಾತ್ರ ಸಾಯಲಿಲ್ಲ. ಆಡಳಿತ ತಡವಾಗಿ ಎಚ್ಚತ್ತದ್ದು, ಧಾನ್ಯ ಹೊರಗೆ ಹೋದದ್ದು, ಎಲ್ಲವೂ ಸೇರಿತ್ತು. ಹಿಮ್ಯಾರಿನಲ್ಲಿಯೂ ಹಾಗೆಯೇ ಇದ್ದಿರಬೇಕು. ಕಟ್ಟೆ ಒಡೆದಾಗ ಸರಿಪಡಿಸಲು ಜನ, ಹಣ, ಅಧಿಕಾರ ಬೇಕು. ಒಳಜಗಳದಲ್ಲಿರುವ ರಾಜ್ಯಕ್ಕೆ ಬರ ಬಂದರೆ ಈ ಮೂರೂ ಒಟ್ಟಿಗೆ ಬತ್ತುತ್ತವೆ. ಈಗ ಆಗಿರುವುದು ಇಷ್ಟೇ: ಆ ಕಾಲವನ್ನು ಬರೆಯುವವರು ಇನ್ನು ಮುಂದೆ ಮಳೆಯನ್ನು ಬಿಟ್ಟು ಬರೆಯುವಂತಿಲ್ಲ. ನಮ್ಮ ದೇಶದ್ದೂ ಒಂದು ಸಾಕ್ಷ್ಯವಿದೆ. ಮೇಘಾಲಯದ ಮಾವ್ಮ್ಲುಹ್ ಗವಿಯ ಕಂಬವೊಂದು 4,200 ವರ್ಷಗಳ ಹಿಂದಿನ ದೊಡ್ಡ ಒಣಗಾಲವನ್ನು ದಾಖಲಿಸಿರುವುದರಿಂದ, ಭೂವಿಜ್ಞಾನಿಗಳು 2018ರಲ್ಲಿ ನಾವಿರುವ ಕಾಲಘಟ್ಟಕ್ಕೇ ‘ಮೇಘಾಲಯನ್’ ಎಂದು ಹೆಸರಿಟ್ಟರು.

ಇಷ್ಟೆಲ್ಲ ತಿಳಿದ ಮೇಲೆ ಗವಿಯೊಳಗಿನ ‘ಮುಟ್ಟಬೇಡಿ’ ಎಂಬ ಫಲಕ ಬೇರೆ ರೀತಿ ಕಾಣುತ್ತದೆ. ಬೆರಳಿನ ಜಿಡ್ಡು ತಾಗಿದರೆ ಆ ಜಾಗದಲ್ಲಿ ಸುಣ್ಣ ಸರಿಯಾಗಿ ಕೂರುವುದಿಲ್ಲ. ದೀಪದ ಬೆಳಕಿಗೆ ಪಾಚಿ ಬೆಳೆಯುತ್ತದೆ. ನೂರಾರು ಜನರ ಉಸಿರಿನಿಂದ ಗಾಳಿಯ ಗುಣವೇ ಬದಲಾಗುತ್ತದೆ. ವಿಜ್ಞಾನಿಗಳೂ ಪೂರ್ತಿ ನಿರ್ದೋಷಿಗಳಲ್ಲ: ಕಡತ ಓದಬೇಕಾದರೆ ಕಂಬವನ್ನು ಕೀಳಬೇಕು, ಸೀಳಬೇಕು. ಈಗೀಗ ತಾವಾಗಿ ಮುರಿದು ಬಿದ್ದವನ್ನು ಆರಿಸುವ, ಇಲ್ಲವೆ ತೆಳುವಾದ ಕೊಳವೆ ಕೊರೆದು ತೆಗೆಯುವ ಪದ್ಧತಿ ಬರುತ್ತಿದೆ. ಆದರೂ ನಾನು ಹೋದ ದಿನ ಗುಂಪಿನಲ್ಲಿದ್ದ ಒಬ್ಬ ಯುವಕ, ಮಾರ್ಗದರ್ಶಕ ಆಚೆ ತಿರುಗಿದೊಡನೆ, ಒಂದು ಪುಟ್ಟ ಕೋಡನ್ನು ಹಿಡಿದು ಅಲುಗಿಸಿ ನೋಡಿದ. ಅದು ಮುರಿಯಲಿಲ್ಲ. ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ನಮ್ಮ ಕಾರ್ಯಕ್ರಮದಲ್ಲಿ ಈ ಮಾತಿಗೆ ಸಮಯ ಸಿಕ್ಕಲಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಚಾಲಕರಿಗೆ ಇದನ್ನೆಲ್ಲ ವಿವರಿಸಿದೆ. ದಕ್ಷಿಣದ ಸಲಾಲಾ ಅವರಿಗೆ ಗೊತ್ತಿದ್ದ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಗೆ ಈಗಲೂ ಮುಂಗಾರಿನ ಅಂಚು ತಾಗುತ್ತದೆ, ಖರೀಫ್ ಎನ್ನುತ್ತಾರೆ. ಮಂಜು, ತುಂತುರು, ಹಸಿರು ಗುಡ್ಡ, ರಸ್ತೆ ಬದಿಯಲ್ಲಿ ಎಳನೀರಿನ ಅಂಗಡಿ. “ಅಲ್ಲಿಗೆ ಹೋದರೆ ಊರಿಗೆ ಹೋದ ಹಾಗೆಯೇ” ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ಹಾಗಾದರೆ ಸರ್, ಆ ಮಳೆ ಪುನಃ ಇಲ್ಲಿಗೆ ಬರ್ತದಾ?”

ಭೂಮಿಯ ಅಕ್ಷದ ಲೆಕ್ಕದ ಪ್ರಕಾರ ಬೇಸಿಗೆಯ ಬಿಸಿಲು ಮತ್ತೆ ಹಾಗೆ ಬಲಗೊಳ್ಳಲು ಇನ್ನೂ ಸುಮಾರು ಹತ್ತು ಸಾವಿರ ವರ್ಷ ಬೇಕು ಎಂದೆ. ಅವರು ನಕ್ಕರು. ಆದರೆ ಇನ್ನೊಂದು ಬಗೆಯ ಮಳೆ ಆಗಲೇ ಬಂದುಹೋಗಿತ್ತು. 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಮಸ್ಕತ್ತಿನ ವಾದಿಗಳನ್ನು ಹೊಳೆಗಳನ್ನಾಗಿ ಮಾಡಿ ರಸ್ತೆಗಳನ್ನು ಕೊಚ್ಚಿಕೊಂಡು ಹೋದಾಗ ಅವರು ಅಲ್ಲೇ ಇದ್ದರು. ಮೂರು ದಿನ ಕರೆಂಟಿಲ್ಲದೆ, ಕುಡಿಯುವ ನೀರಿಲ್ಲದೆ, ಎರಡನೆಯ ಮಹಡಿಯಲ್ಲಿ ಹನ್ನೊಂದು ಜನ ಕೂತಿದ್ದ ಕಥೆ ಹೇಳಿದರು. ನಾನು ಬಂದ ಮೇಲೆ, 2021ರ ಅಕ್ಟೋಬರ್‌ನಲ್ಲಿ, ಶಾಹೀನ್ ಚಂಡಮಾರುತ ಉತ್ತರದ ಬಾತಿನಾ ಕರಾವಳಿಯನ್ನೇ ಹೊಕ್ಕಿತು. ಅರಬ್ಬೀ ಕಡಲು ಕಾಯುತ್ತಿದೆ, ಚಂಡಮಾರುತಗಳು ಹೆಚ್ಚು ಬಲ ಪಡೆಯುತ್ತಿವೆ ಎಂದು ಹವಾಮಾನ ತಜ್ಞರು ಹೇಳುತ್ತಿದ್ದಾರೆ. ಮಣ್ಣಿನಲ್ಲಿ ಇಂಗಿ, ಬೇರಿನ ಹುಳಿ ಹೀರಿ, ಗವಿಯೊಳಗೆ ಹನಿಹನಿಯಾಗಿ ಇಳಿಯುವ ಮಳೆ ಅದಲ್ಲ.

ಶಾಹೀನ್ ಬಂದ ವಾರ ಅವರಿಗೆ ದೂರವಾಣಿ ಮಾಡಿದೆ. ಕ್ಷೇಮವಾಗಿದ್ದರು. ಟ್ಯಾಕ್ಸಿಯೊಳಗೆ ಕೆಸರು ಹೊಕ್ಕಿದೆ, ತೊಳೆಯುತ್ತಿದ್ದೇನೆ ಎಂದರು. “ವಾಸನೆ ಹೋಗುವುದೇ ಇಲ್ಲ ಸರ್. ಆದರೆ ಇದು ಆ ಗವಿಯ ವಾಸನೆ ಅಲ್ಲ.”